ತೆರೆಯ ಮೇಲಿನ ಕೆಂಪಕ್ಷರ

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯನ್ನು ಕಟ್ಟಿದ ಹಿರಿಯರು ಈ ಕಾಲದಲ್ಲಿ ಹುಟ್ಟಿದ್ದರೆ, ಪೂಜಾರಿಯ ಸ್ಥಾನದಲ್ಲಿ ಕಂಪ್ಯೂಟರನ್ನು ಕೂರಿಸುತ್ತಿದ್ದರೋ ಏನೋ. ಪೂಜಾರಿಯಾದರೆ ಮನುಷ್ಯ. ಅವನ ಮುಖ ನೋಡಿ ಬೇಡಬಹುದು, ಬೈಯಬಹುದು, ಎರಡು ದಿನ ಬಿಟ್ಟು ಬಂದು ಮತ್ತೆ ಮಾತನಾಡಿಸಬಹುದು. ಗಾಜಿನ ತೆರೆಗೆ ಮುಖವಿಲ್ಲ. ಅದು ಒಂದು ಸಾಲು ಕೆಂಪಕ್ಷರವನ್ನು ಮೂಡಿಸಿ ಸುಮ್ಮನಾಗುತ್ತದೆ. ಆ ಒಂದು ಸಾಲಿನ ಮುಂದೆ ಕುಳಿತು ಎಷ್ಟು ಮನೆಗಳಲ್ಲಿ ಎಷ್ಟು ಜನ ತಮ್ಮನ್ನು ತಾವೇ ಹಳಿದುಕೊಂಡಿರುವರೋ, ಲೆಕ್ಕ ಇಟ್ಟವರಿಲ್ಲ.

ತುಮಕೂರಿನ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಅದು ಯಾರದೆಂದು ಕೇಳಬೇಕಾದುದಿಲ್ಲ. ಅಂಥ ಮನೆ ಪ್ರತಿ ಬೀದಿಯಲ್ಲಿಯೂ ಒಂದುಂಟು. ಮನೆಯ ಯಜಮಾನರು ಖಾಸಗಿ ಶಾಲೆಯೊಂದರಿಂದ ನಿವೃತ್ತರಾದ ಮೇಷ್ಟ್ರು. ಮಗಳು 2023ರಲ್ಲಿ ಬಿ.ಎಸ್‌ಸಿ. ಮುಗಿಸಿದಳು; ಕೆಲಸ ಸಿಕ್ಕಿರಲಿಲ್ಲ. ಮಗನಿಗೆ ಹತ್ತೊಂಬತ್ತು ವರ್ಷ. ಹುಟ್ಟಿನಿಂದಲೇ ಮಿದುಳಿನ ಪಾರ್ಶ್ವವಾಯು, ಕೈಬೆರಳುಗಳು ಮಡಚಿಕೊಂಡೇ ಇರುತ್ತವೆ. ಇಬ್ಬರಿಗೂ ಸರಕಾರದಿಂದ ಬರಬೇಕಾದ ನೆರವೊಂದಿತ್ತು. ಇಬ್ಬರ ಅರ್ಜಿಗೂ ತೆರೆಯ ಮೇಲೆ ಕೆಂಪಕ್ಷರವೇ ಉತ್ತರವಾಯಿತು.

ಮಗಳದು ಯುವನಿಧಿಯ ಅರ್ಜಿ. ಕರ್ನಾಟಕ ಸರಕಾರವು ಈ ಯೋಜನೆಯ ನೋಂದಣಿಯನ್ನು 2023ರ ಡಿಸೆಂಬರ್ 26ರಂದು ಆರಂಭಿಸಿ, 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಮೊದಲ ಕಂತನ್ನು ವಿತರಿಸಿತು. ತೇರ್ಗಡೆಯಾಗಿ ಆರು ತಿಂಗಳು ಕಳೆದರೂ ಉದ್ಯೋಗ ದೊರೆಯದ ಪದವೀಧರರಿಗೆ ತಿಂಗಳಿಗೆ 3000 ರೂಪಾಯಿ, ಡಿಪ್ಲೊಮಾ ಪಡೆದವರಿಗೆ 1500 ರೂಪಾಯಿ; ಅದೂ ಹೆಚ್ಚೆಂದರೆ ಎರಡು ವರ್ಷ, ಇಲ್ಲವೆ ಕೆಲಸ ಸಿಕ್ಕುವವರೆಗೆ. ಅರ್ಜಿಯನ್ನು ಸೇವಾಸಿಂಧು ಜಾಲತಾಣದ ಮೂಲಕವೇ ಸಲ್ಲಿಸಬೇಕು.

ಆಕೆ ಆಧಾರ್ ಸಂಖ್ಯೆಯನ್ನು ತುಂಬಿದಳು. ಮೊಬೈಲಿಗೆ ಬಂದ ಗುಟ್ಟಿನ ಅಂಕಿಯನ್ನು ಬರೆದಳು. ಪದವಿಯ ನೋಂದಣಿ ಸಂಖ್ಯೆಯನ್ನು ಬರೆದು ಗುಂಡಿ ಒತ್ತಿದಳು. ವಿದ್ಯಾರ್ಹತೆಯ ವಿವರ ಲಭ್ಯವಿಲ್ಲ ಎಂಬ ಸಾಲು ಮೂಡಿತು.

“ಏನಮ್ಮಾ, ನಿನ್ನ ಡಿಗ್ರಿಯೇ ಇಲ್ಲವಂತಲ್ಲ!” ಎಂದು ತಂದೆ ನಕ್ಕರು. ಅವರು ಆಡಿದ್ದು ಹಾಸ್ಯಕ್ಕೆ. ಆದರೆ ಆರು ತಿಂಗಳಿನಿಂದ ಕಂಡಕಂಡ ಕಚೇರಿಗಳಿಗೆ ಅರ್ಜಿ ಹಾಕಿ, ಒಂದರಿಂದಲೂ ಉತ್ತರ ಬಾರದೆ ಕುಳಿತಿದ್ದ ಹುಡುಗಿಗೆ ಅದು ಹಾಸ್ಯವಾಗಿ ಕೇಳಲಿಲ್ಲ. ಆಕೆ ಮಾತನಾಡದೆ ಎದ್ದುಹೋದಳು. ಮತ್ತೆ ಒಂದು ತಿಂಗಳು ಆ ಜಾಲತಾಣದ ಕಡೆಗೆ ತಿರುಗಿ ನೋಡಲಿಲ್ಲ.

ಈ ಒಂದು ತಿಂಗಳೇ ಇಲ್ಲಿನ ನಿಜವಾದ ನಷ್ಟ. ಮೂರು ಸಾವಿರ ರೂಪಾಯಿಯನ್ನು ಯಾವಾಗಲಾದರೂ ಪಡೆಯಬಹುದು. ತಾನು ಅನರ್ಹಳೆಂದು ಯಂತ್ರವೇ ಹೇಳಿತು ಎಂಬ ಭಾವನೆ ಒಮ್ಮೆ ಮನಸ್ಸಿನಲ್ಲಿ ಕುಳಿತರೆ ಅದನ್ನು ಎಬ್ಬಿಸಿ ಕಳಿಸುವುದು ಸುಲಭವಲ್ಲ. ವಾಸ್ತವದಲ್ಲಿ ಯಂತ್ರ ಹೇಳಿದ್ದಾದರೂ ಏನು? ‘ನೀನು ಪದವೀಧರೆಯಲ್ಲ’ ಎಂದು ಅದು ಹೇಳಿರಲಿಲ್ಲ. ‘ನನ್ನ ಕಪಾಟಿನಲ್ಲಿ ಆ ಕಾಗದ ಸಿಕ್ಕಲಿಲ್ಲ’ ಎಂದಷ್ಟೇ ಹೇಳಿತ್ತು. ಈ ಎರಡು ಮಾತುಗಳ ನಡುವಣ ಅಂತರವನ್ನು ತಿಳಿದವನಿಗೆ ಅರ್ಧ ದಾರಿ ಸವೆದಂತೆ.

ಕಪಾಟು ಯಾರದು?

ಹಿಂದೆ ಅರ್ಜಿಯ ಜತೆಗೆ ಪ್ರಮಾಣಪತ್ರದ ನಕಲನ್ನು ಲಗತ್ತಿಸಿದರೆ ಗುಮಾಸ್ತನು ಕಣ್ಣಾಡಿಸಿ ಒಪ್ಪುತ್ತಿದ್ದ. ಈಗ ಅರ್ಜಿಯನ್ನು ಪಡೆಯುವ ಜಾಲತಾಣವು ತಾನಾಗಿ ಏನನ್ನೂ ಅರಿಯದು. ಅದು ಬೇರೆ ಬೇರೆ ಇಲಾಖೆಗಳ ಕಡತಗಳನ್ನು ಕ್ಷಣಮಾತ್ರದಲ್ಲಿ ಕೇಳಿ ಬರುತ್ತದೆ. ಹೆಸರು, ಹುಟ್ಟಿದ ದಿನ ಸರಿಯೇ ಎಂದು ಆಧಾರ್ ಪ್ರಾಧಿಕಾರವನ್ನು ಕೇಳುತ್ತದೆ. ಪದವಿ ಉಂಟೇ ಎಂದು ನ್ಯಾಡ್ ಎಂಬ ಹೆಸರಿನ ರಾಷ್ಟ್ರೀಯ ಶೈಕ್ಷಣಿಕ ಭಂಡಾರವನ್ನು ಕೇಳುತ್ತದೆ. ಹಣವನ್ನು ಎಲ್ಲಿಗೆ ಕಳಿಸಬೇಕೆಂದು ಬ್ಯಾಂಕುಗಳ ಪಾವತಿ ವ್ಯವಸ್ಥೆಯನ್ನು ಕೇಳುತ್ತದೆ. ಈ ಮೂವರಲ್ಲಿ ಒಬ್ಬರು ‘ಗೊತ್ತಿಲ್ಲ’ ಎಂದರೂ ತೆರೆಯ ಮೇಲೆ ಬರುವುದು ಕೆಂಪಕ್ಷರವೇ. ಆದುದರಿಂದ ದೋಷದ ಸಾಲನ್ನು ತೀರ್ಪೆಂದು ಓದದೆ ವಿಳಾಸವೆಂದು ಓದಬೇಕು. ಯಾವ ಕಪಾಟಿನಲ್ಲಿ ಕಾಗದ ಸಿಕ್ಕಲಿಲ್ಲ, ಆ ಕಪಾಟು ಯಾರದು, ಅದರ ಬೀಗದ ಕೈ ಯಾರ ಬಳಿ ಇದೆ? ಈ ಮೂರು ಪ್ರಶ್ನೆಗಳಿಗೆ ಉತ್ತರ ದೊರೆತರೆ ಮುಂದೆ ನಡೆಯಬೇಕಾದ ದಾರಿ ತಾನಾಗಿ ಕಾಣುತ್ತದೆ.

ಮೇಷ್ಟ್ರ ಮಗಳ ವಿಷಯದಲ್ಲಿ ಆದದ್ದು ಇಷ್ಟೆ. ಪದವಿಯ ವಿವರವನ್ನು ಭಂಡಾರಕ್ಕೆ ಸೇರಿಸಬೇಕಾದುದು ವಿಶ್ವವಿದ್ಯಾಲಯದ ಕೆಲಸ, ವಿದ್ಯಾರ್ಥಿಯದಲ್ಲ. ಆಕೆಯ ತಂಡದ ವಿವರ ಆ ವೇಳೆಗೆ ಸೇರಿರಲಿಲ್ಲ. ಸೇವಾಸಿಂಧುವಿನ ಬಾಗಿಲನ್ನು ನೂರು ಸಲ ತಟ್ಟಿದರೂ ಫಲವಿರಲಿಲ್ಲ. ಬೀಗದ ಕೈ ಅಲ್ಲಿರಲಿಲ್ಲ. ಆಕೆಯ ಗೆಳತಿಯೊಬ್ಬಳು ವಿಷಯ ತಿಳಿಸಿದ ಮೇಲೆ ಇಬ್ಬರೂ ಕೂಡಿ, ನೋಂದಣಿ ಸಂಖ್ಯೆ, ತೇರ್ಗಡೆಯಾದ ವರ್ಷ, ಅಂಕಪಟ್ಟಿಯ ನಕಲುಗಳೊಡನೆ ಕಾಲೇಜಿನ ಪ್ರಾಂಶುಪಾಲರ ಮೂಲಕ ಪರೀಕ್ಷಾ ವಿಭಾಗಕ್ಕೆ ಒಂದು ಪತ್ರ ಬರೆದರು. ಕೆಲವು ವಾರಗಳ ಬಳಿಕ ಅದೇ ಗುಂಡಿಯನ್ನು ಒತ್ತಿದಾಗ ಕೆಂಪಕ್ಷರದ ಬದಲು ಆಕೆಯ ಹೆಸರೇ ಮೂಡಿತು.

ದೋಷದಲ್ಲಿ ಮೂರು ಬಗೆ

ದೋಷದ ಸಾಲುಗಳು ನೂರಿದ್ದರೂ ಅವು ಸೇರುವುದು ಮೂರೇ ಗುಂಪಿಗೆ: ಯಂತ್ರದ ಆಯಾಸ, ಕಾಗದಗಳ ಜಗಳ, ನಿಯಮದ ನಿರಾಕರಣೆ. ಒಂದಕ್ಕೆ ಹೇಳಿದ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ಮೊದಲನೆಯದು ಯಂತ್ರದ ಆಯಾಸ. ಸರ್ವರ್ ಕಾರ್ಯನಿರತವಾಗಿದೆ, ನಿಮ್ಮ ಅವಧಿ ಮುಗಿದಿದೆ, ಪುಟ ತೆರೆಯುತ್ತಿಲ್ಲ ಎಂಬಂಥ ಸಾಲುಗಳು ಇದರ ಲಕ್ಷಣ. ಯೋಜನೆ ಆರಂಭವಾದ ದಿನ, ಕೊನೆಯ ದಿನಾಂಕದ ಸಂಜೆ, ಸೋಮವಾರದ ಮುಂಜಾನೆ ಹನ್ನೊಂದು ಗಂಟೆ—ಇವು ಜಾತ್ರೆಯ ವೇಳೆಗಳು. ಬೆಳಗಿನ ಜಾವಕ್ಕೋ ರಾತ್ರಿ ಊಟದ ನಂತರವೋ ಪ್ರಯತ್ನಿಸಿದರೆ ಎಷ್ಟೋ ಸಲ ಕೆಲಸ ಸರಾಗವಾಗಿ ಮುಗಿಯುತ್ತದೆ. ಅರ್ಜಿ ತುಂಬಲು ಕೂರುವ ಮೊದಲೇ ಎಲ್ಲ ಸಂಖ್ಯೆಗಳನ್ನೂ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡರೆ, ನಡುವೆ ಕಾಗದ ಹುಡುಕುತ್ತ ಕಾಲ ಕಳೆದು ಅವಧಿ ಮುಗಿಯುವ ಸಂಕಟ ತಪ್ಪುತ್ತದೆ. ಭಾವಚಿತ್ರವನ್ನೋ ಪ್ರಮಾಣಪತ್ರದ ಚಿತ್ರವನ್ನೋ ಏರಿಸುವಾಗ ನಿರಾಕರಣೆ ಬಂದರೆ ಅದರ ತೂಕವನ್ನು ನೋಡಬೇಕು. ಮೊಬೈಲಿನಲ್ಲಿ ತೆಗೆದ ಚಿತ್ರ ಹಲವು ಮೆಗಾಬೈಟ್ ತೂಗುತ್ತದೆ. ಜಾಲತಾಣವು ಬೇಡುವುದು ಕೆಲವೇ ಕಿಲೋಬೈಟ್. ಎಷ್ಟು ಬೇಕೆಂಬುದನ್ನು ಆ ಪುಟದಲ್ಲಿಯೇ ಸಣ್ಣಕ್ಷರದಲ್ಲಿ ಬರೆದಿರುತ್ತಾರೆ.

ಮೊಬೈಲಿಗೆ ಗುಟ್ಟಿನ ಅಂಕಿ ಬಾರದಿದ್ದರೆ ಯಂತ್ರವನ್ನು ಶಪಿಸುವ ಮುನ್ನ ಒಂದು ಸಂಗತಿಯನ್ನು ನೆನೆಯಬೇಕು. ಅದು ಬರುವುದು ಕೈಯಲ್ಲಿರುವ ಮೊಬೈಲಿಗಲ್ಲ, ಆಧಾರ್ ಜತೆ ನೋಂದಾಯಿಸಿದ ಸಂಖ್ಯೆಗೆ. ಹಲವು ಮನೆಗಳಲ್ಲಿ ಅದು ಎಂದೋ ನಿಂತುಹೋದ ಹಳೆಯ ಸಂಖ್ಯೆಯಾಗಿರುತ್ತದೆ. ಅದನ್ನು ಆಧಾರ್ ಕೇಂದ್ರಕ್ಕೆ ಸ್ವತಃ ಹೋಗಿ ಬದಲಿಸಿಕೊಳ್ಳಬಹುದು.

ಗುಂಡಿ ಒತ್ತಿದ ಮೇಲೆ ಪುಟ ಸ್ತಬ್ಧವಾದರೆ ಮತ್ತೆ ಮತ್ತೆ ಒತ್ತುವುದೂ ತರವಲ್ಲ. ಅರ್ಜಿ ಒಳಗೆ ಸೇರಿಯೂ ರಸೀದಿ ಮಾತ್ರ ಬಾರದಿರುವುದುಂಟು. ಮೊದಲು ಅರ್ಜಿಯ ಸ್ಥಿತಿಯನ್ನು ನೋಡುವ ಪುಟಕ್ಕೆ ಹೋಗಿ ಪರೀಕ್ಷಿಸಿ, ಅಲ್ಲಿ ಏನೂ ಇಲ್ಲವೆಂದು ತಿಳಿದ ಮೇಲೆಯೇ ಎರಡನೆಯ ಅರ್ಜಿಯನ್ನು ಹಾಕಬೇಕು. ಇಲ್ಲವಾದರೆ ಒಬ್ಬನ ಹೆಸರಿನಲ್ಲಿ ಎರಡು ಅರ್ಜಿಗಳು ಸೇರಿ, ಹೊಸ ದೋಷವೊಂದು ಹುಟ್ಟಿಕೊಳ್ಳಬಹುದು.

ಕಾಗದಗಳ ಜಗಳ

ಎರಡನೆಯ ಬಗೆಯೇ ಹೆಚ್ಚು ಜನರನ್ನು ಕಾಡುವಂಥದು. ಕನ್ನಡದಲ್ಲಿ ಲಕ್ಷ್ಮಿಯೊಬ್ಬಳೇ. ಇಂಗ್ಲಿಷ್ ಅಕ್ಷರಕ್ಕೆ ಇಳಿದೊಡನೆ ಆಕೆ ಹಲವರಾಗುತ್ತಾಳೆ. ಶಾಲೆಯ ಗುಮಾಸ್ತರು ನಡುವೆ ಕೆ, ಎಸ್, ಎಚ್ ಎಂದು ಮೂರಕ್ಷರ ಬರೆದಿರುತ್ತಾರೆ. ಆಧಾರ್ ಕೇಂದ್ರದ ಹುಡುಗ ಅವುಗಳ ಬದಲು ಎಕ್ಸ್ ಎಂಬ ಒಂದೇ ಅಕ್ಷರ ಹಾಕಿ ಮುಗಿಸಿರುತ್ತಾನೆ. ಬ್ಯಾಂಕಿನವರು ಕೊನೆಗೆ ಇ ಅಕ್ಷರವನ್ನು ಎರಡು ಸಲ ಬರೆದು ದೀರ್ಘ ಕೊಟ್ಟಿರುತ್ತಾರೆ. ಇನ್ನು ಇನಿಷಿಯಲ್ಲಿನ ಪ್ರಕರಣ ಬೇರೆ. ಊರಿನ ಹೆಸರು, ತಂದೆಯ ಹೆಸರು ಎರಡೂ ಮೊದಲಕ್ಷರಗಳಾಗಿ ಒಂದು ಕಾಗದದಲ್ಲಿ ಹೆಸರಿನ ಹಿಂದೆ, ಇನ್ನೊಂದರಲ್ಲಿ ಮುಂದೆ, ಮತ್ತೊಂದರಲ್ಲಿ ಬಿಡಿಸಿ ಬರೆದ ಪೂರ್ಣ ರೂಪದಲ್ಲಿ ಇರುತ್ತವೆ. ಮನುಷ್ಯನು ನೋಡಿದರೆ ಮೂರೂ ಒಬ್ಬಳೇ ಎಂದು ತಿಳಿಯುತ್ತಾನೆ. ಯಂತ್ರಕ್ಕೆ ಆ ಉದಾರತೆ ಇಲ್ಲ.

ಹುಟ್ಟಿದ ದಿನದ್ದೂ ಇದೇ ಕಥೆ. ವಯಸ್ಸು ಮಾತ್ರ ಗೊತ್ತಿದ್ದು ದಿನಾಂಕ ತಿಳಿಯದವರಿಗೆ ಆಧಾರ್‌ನಲ್ಲಿ ಜನವರಿ 1 ಎಂದು ನಮೂದಾಗಿರುವುದುಂಟು. ಶಾಲೆಗೆ ಸೇರಿಸುವಾಗ ಮೇಷ್ಟ್ರೇ ಊಹಿಸಿ ಬರೆದ ದಿನ ಬೇರೆಯೇ ಇರುತ್ತದೆ.

ಹಾಗಾದರೆ ಯಾವುದನ್ನು ಯಾವುದಕ್ಕೆ ಹೊಂದಿಸಬೇಕು? ಇಲ್ಲಿಯೇ ಅನೇಕರು ಎಡವುವುದು. ಕೈಗೆ ಮೊದಲು ಸಿಕ್ಕ ಕಾಗದವನ್ನು ತಿದ್ದಿಸಲು ಹೊರಟು, ಸರಿಯಾಗಿದ್ದುದನ್ನೂ ಕೆಡಿಸಿಕೊಳ್ಳುತ್ತಾರೆ. ತಿದ್ದಲು ಅತ್ಯಂತ ಕಷ್ಟವಾದ ಕಾಗದವನ್ನೇ ಮೂಲವೆಂದು ಹಿಡಿದು ಉಳಿದವನ್ನು ಅದಕ್ಕೆ ಹೊಂದಿಸುವುದು ವಿವೇಕ. ಓದಿದವರ ಪಾಲಿಗೆ ಸಾಮಾನ್ಯವಾಗಿ ಅದು ಎಸ್.ಎಸ್.ಎಲ್.ಸಿ. ಅಂಕಪಟ್ಟಿ. ಅದರಲ್ಲಿರುವಂತೆ ಆಧಾರನ್ನು ತಿದ್ದಿಸಿ, ಆಧಾರ್‌ನಂತೆ ಬ್ಯಾಂಕಿನ ಖಾತೆಯನ್ನು ತಿದ್ದಿಸಬೇಕು. ಆಧಾರ್‌ನಲ್ಲಿ ಹೆಸರನ್ನು ಸಾಮಾನ್ಯವಾಗಿ ಎರಡು ಸಲ, ಹುಟ್ಟಿದ ದಿನವನ್ನು ಒಂದು ಸಲ ಮಾತ್ರ ಬದಲಿಸಲು ಅವಕಾಶವುಂಟು. ಆದುದರಿಂದ ಕೇಂದ್ರದಲ್ಲಿ ಬೆರಳಚ್ಚು ಮಾಡುವವನ ಪಕ್ಕದಲ್ಲಿಯೇ ನಿಂತು, ಅಕ್ಷರ ಅಕ್ಷರವನ್ನೂ ಓದಿ ಒಪ್ಪಿದ ಮೇಲೆಯೇ ಮುಂದಕ್ಕೆ ಬಿಡಬೇಕು. ಸಂಕೋಚಪಟ್ಟು ಹಿಂದೆ ನಿಂತವನು ಮತ್ತೊಮ್ಮೆ ಅದೇ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ.

ಬಂದ ಹಣ ಎಲ್ಲಿ ಹೋಯಿತು?

ಮೇಷ್ಟ್ರ ಮನೆಯ ಕಥೆ ಅಷ್ಟಕ್ಕೇ ಮುಗಿಯಲಿಲ್ಲ. ಅರ್ಜಿ ಮಂಜೂರಾಯಿತು, ಹಣ ಪಾವತಿಯಾಯಿತೆಂದು ಜಾಲತಾಣವೂ ಹೇಳಿತು. ಆದರೆ ಮಗಳ ಪಾಸ್‌ಬುಕ್ಕಿನಲ್ಲಿ ಒಂದು ರೂಪಾಯಿಯೂ ಏರಿರಲಿಲ್ಲ. “ನಡುವೆ ಯಾರೋ ನುಂಗಿದರು, ಬಿಡು” ಎಂದು ನೆರೆಯವರು ತೀರ್ಮಾನಿಸಿದರು. ನುಂಗಿದವರು ಯಾರೂ ಇರಲಿಲ್ಲ.

ಇಂಥ ಹಣವನ್ನು ಸರಕಾರವು ಖಾತೆಯ ಸಂಖ್ಯೆ ನೋಡಿ ಕಳಿಸುವುದಿಲ್ಲ. ಆಧಾರ್ ಸಂಖ್ಯೆ ನೋಡಿ ಕಳಿಸುತ್ತದೆ. ಯಾವ ಆಧಾರಿಗೆ ಯಾವ ಬ್ಯಾಂಕು ಎಂಬ ಒಂದು ಪಟ್ಟಿ ರಾಷ್ಟ್ರೀಯ ಪಾವತಿ ನಿಗಮದಲ್ಲಿ ಇರುತ್ತದೆ. ಒಬ್ಬನಿಗೆ ನಾಲ್ಕು ಖಾತೆಗಳಿದ್ದರೂ, ಆ ಪಟ್ಟಿಯಲ್ಲಿ ಕೊನೆಯದಾಗಿ ಜೋಡಣೆಯಾದ ಒಂದು ಬ್ಯಾಂಕಿಗೇ ಹಣ ಸೇರುತ್ತದೆ. ಗುರುತಿನ ಸಲುವಾಗಿ ಬ್ಯಾಂಕಿಗೆ ಆಧಾರ್ ನಕಲು ಕೊಟ್ಟಿರುವುದು ಒಂದು, ನೆರವಿನ ಹಣ ಪಡೆಯಲು ಆಧಾರ್ ಜೋಡಣೆ ಮಾಡಿಸಿರುವುದು ಇನ್ನೊಂದು. ಎರಡನ್ನೂ ಒಂದೇ ಎಂದು ಭಾವಿಸುವವರೇ ಬಹಳ.

ಹುಡುಗಿಯು ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಬ್ಯಾಂಕ್ ಜೋಡಣೆಯ ಸ್ಥಿತಿಯನ್ನು ತೆರೆದು ನೋಡಿದಾಗ ಮರೆತೇಹೋಗಿದ್ದ ಒಂದು ಬ್ಯಾಂಕಿನ ಹೆಸರು ಕಂಡಿತು. ಹೈಸ್ಕೂಲಿನಲ್ಲಿದ್ದಾಗ ವಿದ್ಯಾರ್ಥಿವೇತನಕ್ಕೆಂದು ತೆರೆದಿದ್ದ ಖಾತೆ ಅದು. ಪಾಸ್‌ಬುಕ್ಕು ಅಟ್ಟದ ಮೇಲಿನ ಟ್ರಂಕಿನಲ್ಲಿ ಸಿಕ್ಕಿತು. ಆ ಬ್ಯಾಂಕಿಗೆ ಹೋಗಿ, ನಿಂತುಹೋಗಿದ್ದ ಖಾತೆಗೆ ಗುರುತಿನ ಪತ್ರ ಕೊಟ್ಟು ಜೀವ ತರಿಸಿದಳು. ಹಣ ಅಲ್ಲಿ ಕಾದಿತ್ತು. ಬಳಿಕ ತಾನು ನಿತ್ಯ ಬಳಸುವ ಬ್ಯಾಂಕಿನಲ್ಲಿ ಜೋಡಣೆಯ ನಮೂನೆಯನ್ನು ತುಂಬಿ ಕೊಟ್ಟಳು.

ಮಡಚಿದ ಬೆರಳು

ಮಗನ ವಿಷಯ ಇನ್ನೂ ಸೂಕ್ಷ್ಮವಾದುದು. ಅವನಿಗೆ ಬೇಕಾಗಿದ್ದುದು ವಿಶಿಷ್ಟ ಅಂಗವೈಕಲ್ಯ ಗುರುತಿನ ಚೀಟಿ. ಜನರ ಬಾಯಲ್ಲಿ ಯು.ಡಿ.ಐ.ಡಿ. ಕಾರ್ಡು. ಪಿಂಚಣಿಯಿಂದ ಹಿಡಿದು ಎಷ್ಟೋ ಸೌಲಭ್ಯಗಳ ಬಾಗಿಲಿಗೆ ಅದೇ ಬೀಗದ ಕೈ. 2021ರ ಜೂನ್ 1ರಿಂದ ಅಂಗವೈಕಲ್ಯದ ಪ್ರಮಾಣಪತ್ರಗಳನ್ನು ಸ್ವಾವಲಂಬನ್ ಜಾಲತಾಣದ ಮೂಲಕವೇ ಕೊಡಬೇಕೆಂದು ಕೇಂದ್ರ ಸರಕಾರ ವಿಧಿಸಿದೆ. ಜಿಲ್ಲಾ ಆಸ್ಪತ್ರೆಯಲ್ಲಿ ಹಿಂದೆ ಕೈಯಲ್ಲಿ ಬರೆದುಕೊಟ್ಟ ಹಳೆಯ ಪ್ರಮಾಣಪತ್ರವನ್ನು ಪೆಟ್ಟಿಗೆಯಲ್ಲಿ ಭದ್ರವಾಗಿ ಇಟ್ಟುಕೊಂಡವರು ಈ ಹೊಸ ದಾರಿಯನ್ನು ಹಿಡಿಯಲೇಬೇಕಾಗಿದೆ.

ಇಲ್ಲಿ ಮೊದಲ ತೊಡಕು ಹುಟ್ಟುವುದು ವರ್ಗದ ಆಯ್ಕೆಯಲ್ಲಿ. 1995ರ ಕಾನೂನು ಏಳು ಬಗೆಯ ವೈಕಲ್ಯಗಳನ್ನು ಮಾತ್ರ ಗುರುತಿಸಿತ್ತು. 2016ರ ಕಾನೂನು ಇಪ್ಪತ್ತೊಂದನ್ನು ಗುರುತಿಸಿದೆ. ಮಿದುಳಿನ ಪಾರ್ಶ್ವವಾಯುವಿಗೆ ಅಲ್ಲಿ ತನ್ನದೇ ಹೆಸರುಂಟು. ತಾಯಿಯು ಅದನ್ನು ಅರಿಯದೆ ಬುದ್ಧಿಮಾಂದ್ಯವೆಂಬ ಸಾಲನ್ನು ಒತ್ತಿದ್ದರು. ಅರ್ಜಿ ಸಂಬಂಧವಿಲ್ಲದ ವೈದ್ಯರ ಮುಂದೆ ಹೋಗಿ ಹಿಂದಿರುಗಿತು. ಮಾತು ತೊದಲುವವನಿಗೆ ಬುದ್ಧಿಯೂ ಕಡಿಮೆಯೆಂದು ಊರು ಭಾವಿಸುವುದುಂಟು; ಹೆತ್ತವಳ ಕೈಯಿಂದಲೂ ಆ ಸಾಲೇ ಒತ್ತಿಹೋದಾಗ ಹುಡುಗನು ಬೇಸರದಿಂದ ಮುಖ ತಿರುಗಿಸಿದನಂತೆ. ವರ್ಗವನ್ನೂ ಆಸ್ಪತ್ರೆಯನ್ನೂ ಆಯುವ ಮೊದಲು ವೈದ್ಯರು ಬರೆದುಕೊಟ್ಟ ಹಳೆಯ ಚೀಟಿಯನ್ನು ಎದುರಿಗೆ ಇಟ್ಟುಕೊಳ್ಳಬೇಕು. ಯಾರ ಅರ್ಜಿಯೋ ಅವನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಬೇಕು.

ಎರಡನೆಯ ತೊಡಕು ಬೆರಳಿನದು. ಗುರುತು ಪರೀಕ್ಷಿಸುವ ಯಂತ್ರದ ಮೇಲೆ ಅವನ ಬೆರಳು ಕೂರಲಿಲ್ಲ, ಕೂತಾಗಲೂ ಹೊಂದಲಿಲ್ಲ. ಕಾರಣ ಎರಡು. ಮಕ್ಕಳ ಬೆರಳು, ಕಣ್ಣುಗಳ ಗುರುತನ್ನು ಆಧಾರ್‌ನಲ್ಲಿ ಐದನೆಯ ವರ್ಷಕ್ಕೊಮ್ಮೆ, ಹದಿನೈದನೆಯ ವರ್ಷಕ್ಕೊಮ್ಮೆ ಹೊಸದಾಗಿ ಕೊಡಬೇಕು. ಹದಿನೈದನೆಯ ವರ್ಷದ ಗುರುತನ್ನು ಈ ಮನೆಯಲ್ಲಿ ಯಾರೂ ಕೊಡಿಸಿರಲಿಲ್ಲ. ಎರಡನೆಯದಾಗಿ, ಬೆರಳೋ ಕಣ್ಣೋ ಗುರುತು ಕೊಡಲು ಅಶಕ್ತವಾದವರಿಗೆ ವಿನಾಯಿತಿಯ ಕ್ರಮವೊಂದು ಆಧಾರ್ ನೋಂದಣಿಯಲ್ಲಿಯೇ ಉಂಟೆಂಬುದು ಅವರಿಗೆ ತಿಳಿದಿರಲಿಲ್ಲ. ಆಧಾರ್ ಕೇಂದ್ರದಲ್ಲಿ ಅದನ್ನು ಹೆಸರು ಹಿಡಿದು ಕೇಳಿದ ಮೇಲೆ, ಕಣ್ಣಿನ ಗುರುತನ್ನು ಪಡೆದು, ಬೆರಳುಗಳಿಗೆ ವಿನಾಯಿತಿಯನ್ನು ನಮೂದಿಸಿದರು.

ಇಲ್ಲಿ ಪ್ರತಿಯೊಬ್ಬರೂ ತಿಳಿದಿರಬೇಕಾದ ಸಂಗತಿ ಒಂದಿದೆ. ಯಂತ್ರ ಬೆರಳನ್ನು ಒಪ್ಪಲಿಲ್ಲ ಎಂಬ ಒಂದೇ ಕಾರಣಕ್ಕೆ ಅರ್ಹನಾದವನಿಗೆ ಸೌಲಭ್ಯವನ್ನು ನಿರಾಕರಿಸಬಾರದೆಂದು, ಬೇರೆ ಬಗೆಯಿಂದ ಗುರುತನ್ನು ಖಚಿತಪಡಿಸಿಕೊಳ್ಳಬೇಕೆಂದು ಆಧಾರ್ ಪ್ರಾಧಿಕಾರವೇ 2017ರ ಅಕ್ಟೋಬರಿನಲ್ಲಿ ಸುತ್ತೋಲೆ ಹೊರಡಿಸಿದೆ. ಕಣ್ಣು ಮಿಟುಕಿಸಿ ತೋರಿಸಿದರೆ ಮಾತ್ರ ಗುರುತು ಒಪ್ಪುವ ಪದ್ಧತಿಯಿಂದ ನೊಂದ ಆಮ್ಲದಾಳಿಯ ಸಂತ್ರಸ್ತರೂ, ದೃಷ್ಟಿಯಿಲ್ಲದವರೂ ತಂದ ಮೊಕದ್ದಮೆಗಳಲ್ಲಿ ಸರ್ವೋಚ್ಚ ನ್ಯಾಯಾಲಯವು 2025ರ ಏಪ್ರಿಲ್ 30ರಂದು ತೀರ್ಪಿತ್ತು, ಇಂಥ ಡಿಜಿಟಲ್ ಸೇವೆಗಳನ್ನು ಬಳಸಲು ಸಾಧ್ಯವಾಗುವುದು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಸಾರಿದೆ. ಆದುದರಿಂದ ಕೌಂಟರಿನ ಮುಂದೆ ನಿಂತ ಮಡಚಿದ ಬೆರಳಿನ ಹುಡುಗನು ಕೃಪೆಯನ್ನು ಬೇಡುತ್ತಿಲ್ಲ.

ನಿಯಮ ಇಲ್ಲವೆಂದಾಗ

ಮೂರನೆಯ ಬಗೆಯದು ನಿಯಮದ ನಿರಾಕರಣೆ. ಇಲ್ಲಿ ಕಾಗದಗಳೆಲ್ಲ ಸರಿಯಾಗಿಯೇ ಇರುತ್ತವೆ. ಅರ್ಹತೆ ಮಾತ್ರ ಇರುವುದಿಲ್ಲ. ಮುಂದೆ ಓದುತ್ತಿರುವವರಿಗೆ ಯುವನಿಧಿ ಇಲ್ಲ. ಉದ್ಯೋಗದಲ್ಲಿರುವವರಿಗೆ ಇಲ್ಲ, ಶಿಶಿಕ್ಷು ವೇತನ ಪಡೆಯುವವರಿಗೂ ಇಲ್ಲ. ಇನ್ನೂ ಕೆಲಸ ಸಿಕ್ಕಿಲ್ಲವೆಂದು ಇಲಾಖೆ ಗೊತ್ತುಪಡಿಸಿದ ಅವಧಿಯಲ್ಲಿ ತಪ್ಪದೆ ಸ್ವಯಂ ಘೋಷಣೆ ಕೊಡಬೇಕು. ಅದನ್ನು ಮರೆತವರ ಹಣ ನಿಲ್ಲುತ್ತದೆ, ಮರೆತವರು ದೋಷವನ್ನು ಯಂತ್ರದ ಮೇಲೆ ಹೊರಿಸುತ್ತಾರೆ. ಅಂಗವೈಕಲ್ಯದ ವಿಷಯದಲ್ಲಿ ಹೆಚ್ಚಿನ ಸೌಲಭ್ಯಗಳಿಗೆ ಶೇಕಡಾ 40ರ ಗೆರೆಯೊಂದಿದೆ. ಪಿಂಚಣಿಗೆ ಕುಟುಂಬದ ಆದಾಯದ ಮಿತಿಯೂ ಇದೆ.

ನಿರಾಕರಣೆಯು ನಿಯಮಕ್ಕೆ ಅನುಗುಣವಾಗಿದ್ದರೆ ಒಪ್ಪಿಕೊಳ್ಳುವುದೇ ಮರ್ಯಾದೆ. “ಮೇಷ್ಟ್ರೇ, ಐನೂರು ಕೊಡಿ, ಎಲ್ಲ ಸರಿ ಮಾಡಿಸಿ ಕೊಡ್ತೇನೆ” ಎನ್ನುವ ದಲ್ಲಾಳಿಯು ಸರಿ ಮಾಡುವುದು ಸುಳ್ಳು ಕಾಗದವನ್ನು. ಅದರ ಮೇಲಿನ ಸಹಿ ಮಾತ್ರ ಅರ್ಜಿದಾರನದೇ ಆಗಿರುತ್ತದೆ. ಮೊಬೈಲಿಗೆ ಬಂದ ಗುಟ್ಟಿನ ಅಂಕಿಯನ್ನು ಕೇಳುವವನು ಯಾವ ಇಲಾಖೆಯ ಹೆಸರು ಹೇಳಿದರೂ ಕೊಡಬಾರದು. ಮೋಸಹೋದವರು ತಡಮಾಡದೆ 1930 ಸಂಖ್ಯೆಗೆ ಕರೆಮಾಡಿ ತಿಳಿಸಬೇಕು. ಆದರೆ ವೈಕಲ್ಯದ ಪ್ರಮಾಣವನ್ನು ತಪ್ಪಾಗಿ ಅಳೆದಿದ್ದಾರೆಂದು ಪ್ರಾಮಾಣಿಕವಾಗಿ ತೋರಿದರೆ ಸುಮ್ಮನಿರಬೇಕಾಗಿಲ್ಲ. 2016ರ ಕಾನೂನಿನ 59ನೆಯ ಕಲಮು ಮೇಲ್ಮನವಿಗೆ ಅವಕಾಶ ಕೊಟ್ಟಿದೆ.

ಯಂತ್ರದ ಮಾತನ್ನು ಪ್ರಶ್ನಿಸಲು ಹಿಂಜರಿಯುವವರು ಅಮೆರಿಕದ ಮಿಚಿಗನ್ ಸಂಸ್ಥಾನದ ಒಂದು ಪ್ರಕರಣವನ್ನು ಕೇಳಿರುವುದು ಒಳ್ಳೆಯದು. ಅಲ್ಲಿ ನಿರುದ್ಯೋಗ ಭತ್ಯೆಯ ಅರ್ಜಿಗಳನ್ನು ಪರೀಕ್ಷಿಸಲು ಮೈಡಾಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯನ್ನು 2013ರಲ್ಲಿ ತಂದರು. ಮುಂದಿನ ಎರಡು ವರ್ಷಗಳಲ್ಲಿ ಅದು ಸಾವಿರಾರು ಜನರನ್ನು ಮೋಸಗಾರರೆಂದು ತಾನಾಗಿಯೇ ತೀರ್ಮಾನಿಸಿತು. ಹಣ ವಾಪಸು ಕೇಳಿತು, ದಂಡ ಹಾಕಿತು. ಯಂತ್ರವೊಂದೇ ತೀರ್ಮಾನಿಸಿದ್ದ 22,427 ಪ್ರಕರಣಗಳನ್ನು ಸರಕಾರವೇ ಮನುಷ್ಯರಿಂದ ಮತ್ತೆ ಪರೀಕ್ಷಿಸಿದಾಗ ಶೇಕಡಾ 93ರಷ್ಟು ತಪ್ಪೆಂದು ಕಂಡುಬಂತು. ಮುಟ್ಟಿದ್ದೆಲ್ಲ ಚಿನ್ನವಾಗುತ್ತಿದ್ದ ಪುರಾಣದ ದೊರೆಯ ಹೆಸರನ್ನು ಹೊತ್ತ ಯಂತ್ರ ಮುಟ್ಟಿದ್ದೆಲ್ಲ ಅಪವಾದವಾಯಿತು. ತಿದ್ದಿದ್ದು ಯಾರು? ‘ಇದು ಸುಳ್ಳು’ ಎಂದು ಬರೆದು ಕೇಳಿದ ಸಾಮಾನ್ಯ ಜನ, ಅವರ ಪರವಾಗಿ ನಿಂತ ವಕೀಲರು.

ತಾಯಿಯ ಲೆಕ್ಕದ ಪುಸ್ತಕ

ಮೇಷ್ಟ್ರ ಮನೆಯಲ್ಲಿ ಕೊನೆಗೂ ಎಲ್ಲವನ್ನೂ ಹಿಡಿದು ನಿಲ್ಲಿಸಿದ್ದು ಕಂಪ್ಯೂಟರ್ ವಿದ್ಯೆಯಲ್ಲ. ತಾಯಿಯ ಹಾಲಿನ ಲೆಕ್ಕದ ಪುಸ್ತಕ. ಆಕೆ ಅದರ ಹಿಂಬದಿಯ ಹಾಳೆಗಳಲ್ಲಿ ಒಂದೊಂದು ಪ್ರಯತ್ನಕ್ಕೂ ಒಂದೊಂದು ಸಾಲು ಬರೆಯತೊಡಗಿದರು: ದಿನಾಂಕ, ಗಂಟೆ, ಅರ್ಜಿಯ ಸಂಖ್ಯೆ, ತೆರೆಯ ಮೇಲೆ ಬಂದ ಸಾಲು ಇದ್ದ ಹಾಗೆಯೇ, ಮಾತನಾಡಿದವರು ಯಾವ ಹುದ್ದೆಯವರು, ಅವರು ಏನೆಂದರು. ಮಗಳು ತೆರೆಯ ಚಿತ್ರವನ್ನು ಮೊಬೈಲಿನಲ್ಲಿ ಹಿಡಿದಿಟ್ಟಳು. ‘ಏನೋ ಎರರ್ ಬಂತು’ ಎಂದು ಹೋಗಿ ನಿಂತವನಿಗೆ ‘ನಾಳೆ ಬನ್ನಿ’ ಎಂಬ ಉತ್ತರ ಸಿಕ್ಕುತ್ತದೆ. ‘ಇಂಥ ದಿನ, ಇಷ್ಟು ಹೊತ್ತಿಗೆ, ಈ ಸಂಖ್ಯೆಯ ಅರ್ಜಿಗೆ ಈ ಸಾಲು ಬಂತು’ ಎಂದು ಬರೆದು ತೋರಿಸಿದವನಿಗೆ ನಿಜವಾದ ಉತ್ತರವನ್ನು ಕೊಡಲೇಬೇಕಾಗುತ್ತದೆ.

ಉತ್ತರ ಬಾರದಿದ್ದರೆ ಮೆಟ್ಟಿಲುಗಳಿವೆ. ಆಧಾರ್ ವಿಷಯಕ್ಕೆ 1947 ಸಂಖ್ಯೆಯುಂಟು. ರಾಜ್ಯ ಸರಕಾರದ ಇಲಾಖೆಗಳ ಮೇಲಿನ ದೂರಿಗೆ ಜನಸ್ಪಂದನದ 1902 ಉಂಟು. 2011ರ ಸಕಾಲ ಕಾನೂನಿನ ಅಡಿಯಲ್ಲಿ ಬರುವ ಸೇವೆಯಾದರೆ ಸ್ವೀಕೃತಿಯ ಮೇಲೆ ಹದಿನೈದು ಅಂಕಿಯ ಸಂಖ್ಯೆಯೊಂದು ಇರುತ್ತದೆ. ಗೊತ್ತಾದ ದಿನಗಳು ಮೀರಿದರೆ ಆ ಸಂಖ್ಯೆಯನ್ನು ಹಿಡಿದು ಮೇಲ್ಮನವಿ ಸಲ್ಲಿಸಬಹುದು. ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿಯವರೆಗೆ ಪರಿಹಾರವನ್ನೂ ಆ ಕಾನೂನು ಹೇಳುತ್ತದೆ. ಹಣ ಸಣ್ಣದು, ಆದರೆ ತಡವಾದುದು ಕಚೇರಿಯ ತಪ್ಪೆಂದು ಒಪ್ಪಿಕೊಂಡ ಹಾಗಾಗುತ್ತದೆ. ಇದಾವುದೂ ನಡೆಯದಿದ್ದರೆ 2005ರ ಮಾಹಿತಿ ಹಕ್ಕಿನ ಕಾನೂನಿನಂತೆ ಹತ್ತು ರೂಪಾಯಿ ಶುಲ್ಕದೊಡನೆ ‘ನನ್ನ ಅರ್ಜಿಯು ಈಗ ಯಾವ ಅಧಿಕಾರಿಯ ಮುಂದೆ, ಯಾವ ದಿನದಿಂದ ಇದೆ?’ ಎಂಬ ಒಂದೇ ಪ್ರಶ್ನೆಯನ್ನು ಕೇಳಬಹುದು. ಮೂವತ್ತು ದಿನಗಳಲ್ಲಿ ಉತ್ತರ ಬರಬೇಕು. ಕೆಲವೊಮ್ಮೆ ಉತ್ತರಕ್ಕಿಂತ ಮೊದಲು ಕೆಲಸವೇ ಆಗಿಬಿಡುವುದುಂಟು!

ಮಗನ ಕಾರ್ಡು ಮನೆಗೆ ಬಂದ ದಿನ ಅವನು ಅದನ್ನು ಮಡಚಿದ ಬೆರಳುಗಳ ನಡುವೆ ಹಿಡಿದು, ತಾನೇ ಓದಿ, ತಾಯಿಯ ಕೈಗೆ ಕೊಟ್ಟ. ವರ್ಗದ ಸಾಲಿನಲ್ಲಿ ಈ ಸಲ ಸರಿಯಾದ ಹೆಸರೇ ಇತ್ತು. ಮಗಳು ಆ ಹೊತ್ತಿಗೆ ಬ್ಯಾಂಕಿನ ಪರೀಕ್ಷೆಗೆ ತನ್ನ ಭತ್ಯೆಯ ಹಣದಿಂದಲೇ ಶುಲ್ಕ ಕಟ್ಟಿ, ಪುಸ್ತಕಗಳನ್ನು ತರಿಸಿಕೊಂಡು ಓದುತ್ತಿದ್ದಳು. ಮೇಷ್ಟ್ರು ಆಕೆಯ ಮೇಜಿನ ಬಳಿ ಒಂದು ಗಳಿಗೆ ನಿಂತು, “ಅವತ್ತು ನಾನು ಹಾಗೆ ಅನ್ನಬಾರದಿತ್ತಮ್ಮ” ಎಂದರು. ಆಕೆ ತಲೆಯೆತ್ತದೆಯೇ ನಕ್ಕಳು.

ಈಗ ಆ ಬೀದಿಯಲ್ಲಿ ಯಾರ ಮನೆಯ ತೆರೆಯ ಮೇಲೆ ಕೆಂಪಕ್ಷರ ಮೂಡಿದರೂ ಮೊದಲು ಹಾಲಿನ ಲೆಕ್ಕದ ಪುಸ್ತಕವನ್ನು ಎರವಲು ಕೇಳುತ್ತಾರಂತೆ. ತಾಯಿ ಪುಸ್ತಕವನ್ನು ಕೊಡುವ ಮುನ್ನ ಕೇಳುವುದು ಒಂದೇ ಮಾತು: “ಅದರಲ್ಲಿ ಏನು ಬರೆದಿತ್ತು, ಸರಿಯಾಗಿ ಓದಿದಿರಾ?”